ಮಲಗಿದ ಕಾಯಿ, ಮಾತಾಡುವ ಕಾಯಿ

ಗಂಡಸಿ ಊರಿನ ಷಡಕ್ಷರಪ್ಪನವರ ಮನೆಯಲ್ಲಿ ಅಟ್ಟದಿಂದ ತೆಂಗಿನಕಾಯಿ ಇಳಿಸುವ ದಿನ ಬಂತೆಂದರೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದವಳು ಅವರ ತಂಗಿ ಸಿದ್ದಗಂಗಮ್ಮ. ಅಂಗಳದ ಹೊಂಗೆ ಮರದ ಕೆಳಗೆ ಒಂದು ಮಣೆ, ಎಡಕ್ಕೊಂದು ಮಂಕರಿ ಬುಟ್ಟಿ, ಬಲಕ್ಕೊಂದು ಮಂಕರಿ ಬುಟ್ಟಿ. ಆ ಮಣೆಯ ಮೇಲೆ ಇನ್ನೊಬ್ಬರು ಕೂತರೆ ಅವತ್ತು ಅವಳು ಊಟ ಮುಟ್ಟುತ್ತಿರಲಿಲ್ಲ.

ಮನೆಯವರಿಗೆಲ್ಲ ಅವಳು ಗಂಗೂ. ಅವಳಿಗೆ ನಲವತ್ತೆರಡು ವರ್ಷ. ದುಂಡು ಮುಖ, ಸಣ್ಣ ಕಣ್ಣು, ಮೊಂಡು ಬೆರಳು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕಡಿಮೆ. ಒಂದರಿಂದ ಹತ್ತು ಎಣಿಸುವಾಗ ಏಳು ಯಾವಾಗಲೂ ತಪ್ಪಿಹೋಗುತ್ತದೆ. ಆದರೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಡೆಯುವ ಮೊದಲೇ ಅದು ತಿಳಿಯಬೇಕು. ಒಡೆದ ಮೇಲೆ ತಿಳಿದರೆ ವರ್ಷವಿಡೀ ಕಾದದ್ದು ದಂಡ. ತಿಳಿಯುವ ದಾರಿ ಒಂದೇ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು.

ಗಂಗೂ ಅದಕ್ಕೆ ತನ್ನದೇ ಮೂರು ಮಾತು ಇಟ್ಟುಕೊಂಡಿದ್ದಳು. ಒಳಗೆ ನೀರು ಕುಲುಕಿದರೆ "ಅಳ್ತೈತೆ." ನೀರು ಇಂಗಿ, ಗಿಟುಕು, ಅಂದರೆ ಒಳಗಿನ ಒಣ ಕೊಬ್ಬರಿ, ಇನ್ನೂ ಚಿಪ್ಪು ಬಿಡದೆ ಕಾಯಿ ಸದ್ದೇ ಮಾಡದಿದ್ದರೆ "ಮಲಗೈತೆ." ಗಿಟುಕು ಚಿಪ್ಪಿನಿಂದ ಬಿಡಿಸಿಕೊಂಡು ಲೊಟಲೊಟ ಅಂದರೆ "ಮಾತಾಡ್ತೈತೆ." ಅತ್ತದ್ದು, ಮಲಗಿದ್ದು ಎಡಗಡೆಯ ಮಂಕರಿಗೆ, ತಿರುಗಿ ಅಟ್ಟಕ್ಕೆ. ಮಾತಾಡಿದ್ದು ಬಲಗಡೆಗೆ, ಒಡೆಯುವುದಕ್ಕೆ.

ಈ ಕೆಲಸ ಕಲಿಸಿದವಳು ಅತ್ತಿಗೆ ಮಹದೇವಮ್ಮ. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ಗಂಗೂಗೆ ಒಂಬತ್ತು. ಅತ್ತೆ ತೀರಿಕೊಳ್ಳುವಾಗ ಒಡವೆ ಪೆಟ್ಟಿಗೆಯ ಬೀಗದ ಕೈಯನ್ನು ದಿಂಬಿನ ಕೆಳಗೆ ಬಿಟ್ಟು, ಗಂಗೂ ಕೈಯನ್ನು ಮಾತ್ರ ಹಿಡಿದು ಕೊಟ್ಟಿದ್ದರು. ಅಂದಿನಿಂದ ಅವಳ ಜಡೆ, ಸ್ನಾನ, ಹಣೆಯ ವಿಭೂತಿ, ಮುನಿಸು ಎಲ್ಲ ಮಹದೇವಮ್ಮನ ಪಾಲಿಗೆ. ಪ್ರತಿ ಶನಿವಾರ ತಲೆಗೆ ಎಣ್ಣೆ ತಟ್ಟಿ, ಎರಡೂ ಕಿವಿಗೆ ಬೆಚ್ಚನೆಯ ಎಣ್ಣೆ ಬಿಟ್ಟು, ಹತ್ತಿ ಇಟ್ಟು, ಬಿಸಿಲಲ್ಲಿ ಕೂರಿಸಿ ಆಮೇಲೆ ನೀರು ಹಾಕುತ್ತಿದ್ದಳು. ತನ್ನ ಮಗ ಚನ್ನೇಶನಿಗೆ ಮಾಡಿದ್ದಕ್ಕಿಂತ ಹೆಚ್ಚು ಅಕ್ಕರೆಯಿಂದ ಮಾಡಿದ ಕೆಲಸ ಅದು.

ಎರಡು ವರ್ಷದಿಂದ ಗಂಗೂ ಬದಲಾಗುತ್ತ ಬಂದಿದ್ದಳು. ಕರೆದರೆ ಬರುತ್ತಿರಲಿಲ್ಲ. ಒಂದು ಹೇಳಿದರೆ ಇನ್ನೊಂದು ಮಾಡುತ್ತಿದ್ದಳು. ಟಿವಿಯನ್ನು ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಇಟ್ಟು ಅದರ ಮುಂದೆಯೇ ಕೂರುತ್ತಿದ್ದಳು. ತಗ್ಗಿಸಿದರೆ ಸಿಟ್ಟು. ಬೆಳಿಗ್ಗೆ ಎಲ್ಲರ ಹಣೆಗೂ ವಿಭೂತಿ ಇಡುತ್ತ ಏನೋ ಒಂದು ರಾಗ ಎಳೆಯುತ್ತಿದ್ದಳಲ್ಲ, ಅದು ನಿಂತುಹೋಯಿತು. ಮಾತೂ ಕಡಿಮೆಯಾಯಿತು. ಕಾಯಿಯೂ ತಪ್ಪತೊಡಗಿತು. ಕಾಯಿ ಒಡೆಯಲು ಬರುವ ದ್ಯಾವಮ್ಮ ಬಲಗಡೆಯ ಮಂಕರಿಯಿಂದ ತೆಗೆದು ಒಂದೇಟು ಹಾಕಿದರೆ ಸೀರೆಯ ಮೇಲೆಲ್ಲ ಕೊಳೆತ ನೀರು.

"ಏನ್ ಗಂಗಮ್ಮಾ, ನಂಗೆ ಸ್ನಾನ ಮಾಡ್ಸಕ್ಕೇ ಕೂತಿದೀಯಾ?" ಎಂದು ದ್ಯಾವಮ್ಮ ನಕ್ಕರೆ ಗಂಗೂ ಅವಳ ಮುಖ ನೋಡಿ ತಾನೂ ನಗುತ್ತಿದ್ದಳು. ಇನ್ನೊಂದು ನೀರುಗಾಯಿಯನ್ನು ಬಲಗಡೆಗೇ ಹಾಕುತ್ತಿದ್ದಳು.

ಒಬ್ಬ ಡಾಕ್ಟರಿಗೂ ತೋರಿಸಿದ್ದಾಯಿತು. ಅವರು ಮೇಜಿನ ಆಚೆಯಿಂದಲೇ ನೋಡಿ, "ಇಂಥೋರಿಗೆ ನಲವತ್ತಾದ ಮೇಲೆ ಇರೋ ಬುದ್ಧೀನೂ ಇಳಿಯುತ್ತೆ, ಏನೂ ಮಾಡಕ್ಕಾಗಲ್ಲ" ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಸಿಹಿಯಾಗಿತ್ತು. ಗಂಗೂಗೆ ಇಷ್ಟವಾಯಿತು. ಬೇರೇನೂ ಆಗಲಿಲ್ಲ. ಆರು ತಿಂಗಳ ಹಿಂದೆ ಷಡಕ್ಷರಪ್ಪ ಕಾಯಿ ನೋಡುವ ಕೆಲಸವನ್ನು ದ್ಯಾವಮ್ಮನಿಗೆ ವಹಿಸಿದರು. ಗಂಗೂ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಮಹದೇವಮ್ಮ ಕೈಯಾರೆ ತಿನ್ನಿಸಿದ ಮೇಲೆ ಮತ್ತೆ ಅಂಗಳದ ಕಡೆಗೇ ಹೋಗಲಿಲ್ಲ.

ಹೋದ ವಾರ ಮಾತ್ರ ಹೋದಳು. ಚನ್ನೇಶ ಸಿಪ್ಪೆ ತುಂಬಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತರುತ್ತಿದ್ದ. ಗಂಗೂ ಟ್ರೈಲರಿನ ಬೆನ್ನಿಗೆ ಸರಿಯಾಗಿ ಬೆನ್ನು ಮಾಡಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಎಲ್ಲರೂ ಕೂಗಿದರು. ಹಾರನ್ ಆಯಿತು. ಅವಳು ಅಲುಗಲಿಲ್ಲ. ಕೊನೆಗೆ ದ್ಯಾವಮ್ಮ ಓಡಿಹೋಗಿ ರಟ್ಟೆ ಹಿಡಿದು ಎಳೆದಳು. ಚಕ್ರ ಗಂಗೂ ಚಪ್ಪಲಿಯ ಮೇಲೆ ಹರಿದು ನಿಂತಿತು. ಚನ್ನೇಶ ಇಳಿದು ಬಂದವನೇ ಜಗಲಿಯ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ.

ಅವತ್ತೇ ಸಂಜೆ ಷಡಕ್ಷರಪ್ಪ ತುಮಕೂರಿನ ಹತ್ತಿರದ ಒಂದು ಆಶ್ರಮಕ್ಕೆ ಫೋನ್ ಮಾಡಿದರು. ಇಂಥವರನ್ನು ನೋಡಿಕೊಳ್ಳುವ ಜಾಗ, ಒಳ್ಳೆಯ ಹೆಸರಿತ್ತು. ಸೋಮವಾರ ಕರೆತನ್ನಿ ಅಂದರು.

"ನಮ್ ಕಣ್ಮುಂದೇನೇ ಏನಾದ್ರೂ ಆಗೋಗಿದ್ರೆ? ಆ ಹುಡುಗ ಜೀವಮಾನ ಪೂರ್ತಿ ಹೆಂಗಿರ್ತಿದ್ದ?" ಎಂದರು ಹೆಂಡತಿಗೆ. ಕಣ್ಣು ಮಾತ್ರ ಗೋಡೆಯ ಕಡೆಗಿತ್ತು. "ನಂಗೇನ್ ಇಷ್ಟಾನಾ ಮಾದೇವಿ?"

ಇಷ್ಟವಿಲ್ಲ ಎಂಬುದು ಮಹದೇವಮ್ಮನಿಗೆ ಗೊತ್ತಿತ್ತು. ಅಂಗಳದಲ್ಲಿ ಟ್ರ್ಯಾಕ್ಟರು ಓಡಲೇಬೇಕು. ಗಂಗೂನ ಕಟ್ಟಿಹಾಕುವುದಕ್ಕಂತೂ ಆಗುವುದಿಲ್ಲ.

ಗುರುವಾರ ಬೆಳಿಗ್ಗೆ ಅವಳು ಗಂಗೂ ಬಟ್ಟೆ ಮಡಿಸಿ ಚೀಲಕ್ಕೆ ಹಾಕಲು ಕೂತಳು. ಎರಡು ಸೀರೆ ಮಡಿಸಿ ಮೂರನೆಯದನ್ನು ಹಾಗೇ ಬಿಟ್ಟಳು. ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಹುಲ್ಲಿನ ಬಣವೆಯ ಮರೆಯಲ್ಲಿ ಗಂಗೂ ಕೂತಿದ್ದಳು. ಮುಂದೆ ನಾಲ್ಕು ಕಾಯಿ. ಯಾವಾಗ ಕದ್ದು ತಂದಿದ್ದಳೋ. ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿಯುವ ಬದಲು ಕೆನ್ನೆಯ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ, ತಲೆಯ ಸಮೇತ ಅಲ್ಲಾಡಿಸಿದಳು.

"ಅಳ್ತೈತೆ," ಎಂದು ತನಗೆ ತಾನೇ ಹೇಳಿಕೊಂಡು ಎಡಕ್ಕಿಟ್ಟಳು.

ಮಹದೇವಮ್ಮ ಮೆಲ್ಲಗೆ ಬಗ್ಗಿ ಆ ಕಾಯಿ ತೆಗೆದು ಅಲ್ಲಾಡಿಸಿದಳು. ನೀರು ಕುಲುಕಿತು. ಗಂಗೂ ಇನ್ನೊಂದನ್ನು ಕೆನ್ನೆಗೆ ಒತ್ತಿ "ಮಾತಾಡ್ತೈತೆ" ಅಂದಳು. ಹೌದು, ಲೊಟಲೊಟ ಅನ್ನುತ್ತಿತ್ತು. ನಾಲ್ಕಕ್ಕೆ ನಾಲ್ಕೂ ಸರಿ. ಮಹದೇವಮ್ಮ ಅಂಗಳದಿಂದ ಇನ್ನೂ ಆರು ತಂದಳು. ಒಂದು ತಪ್ಪಿತು, ಐದು ಸರಿಹೋಯಿತು.

ಮೂವತ್ತು ವರ್ಷ ಕೊಬ್ಬರಿ ಮನೆಯ ಯಜಮಾನಿಕೆ ಮಾಡಿದ ಹೆಂಗಸು ಅವಳು. ಕಾಯಿ ಕೆಟ್ಟರೆ ಕಾಯಿಯನ್ನೇ ಬೈಯುವುದಿಲ್ಲ. ಅಟ್ಟ ಸೋರಿದೆಯೇ, ಗಾಳಿ ಆಡುತ್ತಿಲ್ಲವೇ ಎಂದು ನೋಡುತ್ತಾಳೆ. ಬುದ್ಧಿ ಇಳಿದುಹೋಗಿದ್ದರೆ ಅಳುವ ಕಾಯಿ ಯಾವುದು, ಮಾತಾಡುವ ಕಾಯಿ ಯಾವುದು ಎಂದು ಇವಳಿಗೆ ಹೇಗೆ ಗೊತ್ತಾಗುತ್ತದೆ? ಕಿವಿ ಬಿಟ್ಟು ಕೆನ್ನೆಗೆ ಯಾಕೆ ಹಿಡಿಯುತ್ತಾಳೆ?

ಸೊಸೆ ಸ್ವಾತಿಯನ್ನು ಕರೆದಳು. ಚನ್ನೇಶನ ಹೆಂಡತಿ ಸ್ವಾತಿ ಮದುವೆಯಾಗಿ ಬಂದು ಒಂದು ವರ್ಷವಾಗಿತ್ತು. ಗಂಗೂ ಚೆನ್ನಾಗಿದ್ದ ಕಾಲವನ್ನು ಅವಳು ನೋಡಿಯೇ ಇರಲಿಲ್ಲ.

"ಇಲ್ಲೇ ನಿಂತ್ಕೊಂಡು ನೋಡು ಸ್ವಾತಿ. ಬಾಯಿ ಬಿಡಬೇಡ."

ಮಹದೇವಮ್ಮ ಗಂಗೂ ಹಿಂದೆ ಎರಡು ಮಾರು ದೂರದಲ್ಲಿ ನಿಂತು, ದಿನವೂ ಮಾತಾಡುವ ದನಿಯಲ್ಲಿ, "ಗಂಗೂ, ಕೊಬ್ರಿ ಮಿಠಾಯಿ ಬೇಕೇನೇ?" ಎಂದಳು. ಕೊಬ್ಬರಿ ಮಿಠಾಯಿ ಎಂದರೆ ಗಂಗೂ ನಿದ್ದೆಯಿಂದಲೂ ಏಳುವವಳು. ತಿರುಗಲಿಲ್ಲ. ಮಹದೇವಮ್ಮ ಸುತ್ತಿಕೊಂಡು ಹೋಗಿ ಅವಳ ಎದುರಿಗೆ ಕೂತಳು. ಈ ಸಲ ದನಿಯನ್ನೇ ಹೊರಡಿಸದೆ, ಬರೀ ತುಟಿ ಆಡಿಸಿ ಅದೇ ಮಾತು ಕೇಳಿದಳು.

"ಬೇಕು!" ಎಂದಳು ಗಂಗೂ. "ಎಲ್ಲೈತೆ ಅತ್ಗೆ?"

ಸ್ವಾತಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅತ್ತೆ, ಗಂಗತ್ತೆಗೆ ಕೇಳಿಸ್ತಾನೇ ಇಲ್ಲ! ಮುಖ ನೋಡ್ಕೊಂಡು ಕಾಲ ಹಾಕ್ತಿದಾರೆ. ನಾನು ಬೇಕಂತಲೇ ಹಂಗಾಡ್ತಾರೆ ಅಂದ್ಕೊಂಡಿದ್ದೆ."

"ನಾವೆಲ್ಲ ಹಂಗೇ ಅಂದ್ಕೊಂಡಿದ್ವಿ ಕಣೇ," ಎಂದು ಮಹದೇವಮ್ಮ ಎದ್ದು ಒಳಗೆ ಹೋಗಿ ನಿಜವಾಗಿಯೂ ಮಿಠಾಯಿ ತಂದುಕೊಟ್ಟಳು. ಆಸೆ ತೋರಿಸಿ ಕೊಡದೆ ಇರುವುದು ಅವಳಿಗೆ ಆಗದು.

ಅರಸೀಕೆರೆಯ ಒಂದು ಕ್ಲಿನಿಕ್ಕಿಗೆ ಶುಕ್ರವಾರ ಶುಕ್ರವಾರ ಹಾಸನದಿಂದ ಕಿವಿ ಡಾಕ್ಟರು ಬರುತ್ತಾರೆಂದು ಸ್ವಾತಿಗೆ ಗೊತ್ತಿತ್ತು. ಷಡಕ್ಷರಪ್ಪ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

"ಸೋಮವಾರ ಬತ್ತೀವಿ ಅಂತ ಮಾತು ಕೊಟ್ಟಿದೀನಿ. ಈ ಸಲ ಬಿಟ್ರೆ ಜಾಗ ಸಿಗಲ್ಲ ಅಂದವ್ರೆ. ಕಿವಿ ತೋರ್ಸಿದ್ರೆ ಹೋದ ಬುದ್ಧಿ ಬತ್ತದಾ?"

"ಹೋಗಿದ್ರೆ ತಾನೇ ಬರಕ್ಕೆ?" ಎಂದಳು ಮಹದೇವಮ್ಮ. "ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಐತೆ."

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತುವಾಗ ಗಂಗೂ ತನ್ನ ಕೈಚೀಲದಲ್ಲಿ ಒಂದು ಕಾಯಿ ಇಟ್ಟುಕೊಂಡಿದ್ದಳು. ಮಹದೇವಮ್ಮ ಅದನ್ನು ಬಿಡಿಸಲು ಹೋಗಲಿಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಹಣೆಯ ದೀಪ ಹಚ್ಚಿ ಎರಡೂ ಕಿವಿಯೊಳಗೆ ನೋಡಿದರು. ನೋಡಿದವರು ಮಹದೇವಮ್ಮನ ಕಡೆ ತಿರುಗಿ, "ಕಿವಿಗೆ ಎಣ್ಣೆ ಬಿಡ್ತೀರಾ?" ಎಂದರು.

"ಪ್ರತಿ ಶನಿವಾರ ಬಿಡ್ತೀನಿ ಸಾರ್. ಒಂದು ವಾರಾನೂ ತಪ್ಸಿಲ್ಲ," ಎಂದಳು ಅವಳು, ಸ್ವಲ್ಪ ಹೆಮ್ಮೆಯಿಂದಲೇ.

"ಹತ್ತಿ?"

"ಇಡ್ತೀನಿ."

"ತೆಗೀತೀರಾ?"

ತೆಗೆಯದೆ? ಕೈಗೆ ಸಿಕ್ಕಿದ್ದನ್ನು ತೆಗೆಯುತ್ತಾಳೆ. ಸಿಗದೆ ಇದ್ದದ್ದು ನೀರು ಹಾಕುವಾಗ ಬಿದ್ದುಹೋಗಿರುತ್ತದೆ ಎಂದುಕೊಂಡಿದ್ದಳು. ಆ ಮಾತು ಬಾಯಿಗೆ ಬರುವ ಮೊದಲೇ ಅವಳಿಗೆ ಅರ್ಥವಾಯಿತು.

ಗಂಗೂ ಅತ್ತಿಗೆಯ ಕೈಯನ್ನು ಎರಡೂ ಕೈಯಿಂದ ಹಿಡಿದು ಕೂತಳು. ಡಾಕ್ಟರು ಎಡಗಿವಿಯಿಂದ ಸಣ್ಣ ಚಿಮಟದಲ್ಲಿ ಮೊದಲು ಒಂದು, ಆಮೇಲೆ ಇನ್ನೊಂದು ತುಂಡು ಹೊರಗೆಳೆದರು. ಕಂದುಬಣ್ಣಕ್ಕೆ ತಿರುಗಿ ಕಲ್ಲಿನಂತಾದ ಗುಗ್ಗೆ. ಅದರೊಳಗೆ ಮುದ್ದೆಯಾದ ಹತ್ತಿ. ಹತ್ತಿಗೆ ಅಂಟಿಕೊಂಡ ಅಂಗಳದ ಧೂಳು, ತೆಂಗಿನ ನಾರು. ಆ ಹತ್ತಿ ಎಲ್ಲಿಯದು, ಎಣ್ಣೆ ಎಲ್ಲಿಯದು ಎಂದು ಮಹದೇವಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗಂಗೂ ತಟ್ಟನೆ ತಲೆ ಎತ್ತಿ ಮೇಲೆ ನೋಡಿದಳು.

"ಫ್ಯಾನು," ಅಂದಳು.

ಮೇಲೆ ಹಳೆಯ ಫ್ಯಾನೊಂದು ಕಿರ್ ಕಿರ್ ಎನ್ನುತ್ತ ತಿರುಗುತ್ತಿತ್ತು. ಒಳಗೆ ಬಂದಾಗಿನಿಂದ ತಿರುಗುತ್ತಲೇ ಇತ್ತು.

ಬಲಗಿವಿಯದು ಗಟ್ಟಿಯಾಗಿ ಕೂತಿತ್ತು. ಎಳೆದರೆ ನೋವಾಗುತ್ತದೆಂದು ಡಾಕ್ಟರು ಹನಿ ಔಷಧಿ ಕೊಟ್ಟು, ಮುಂದಿನ ಶುಕ್ರವಾರ ಮತ್ತೆ ಬರಬೇಕೆಂದರು. ಎಡಗಿವಿ ಎಷ್ಟು ಕೇಳುತ್ತದೆಂದು ಪರೀಕ್ಷೆ ಮಾಡಲು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಹೇಮಾಶ್ರೀ ಎಂಬ ಹುಡುಗಿ ಯಂತ್ರ ಇಟ್ಟುಕೊಂಡು ಕೂತಿದ್ದಳು. ಗಂಗೂ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, "ಸದ್ದು ಕೇಳಿಸಿದಾಗೆಲ್ಲ ಒತ್ತಿ ಅಮ್ಮ" ಎಂದಳು. ಗಂಗೂ ಗುಂಡಿಯನ್ನು ಒತ್ತಿಹಿಡಿದೇ ಕೂತಳು. ಬಿಡು ಎಂದರೆ ಮುನಿಸಿಕೊಂಡು ಹೆಡ್‌ಫೋನ್ ಕಿತ್ತಿಟ್ಟಳು.

"ಕೆಲವರಿಗೆ ಕಷ್ಟ ಆಗುತ್ತೆ ಆಂಟಿ. ಬೇರೆ ಥರ ನೋಡೋಣ," ಎಂದಳು ಹೇಮಾಶ್ರೀ.

"ನೀನು ಹೇಳಿದ್ದು ಅವಳ ಕೆಲಸ ಅಲ್ಲ ಕಣವ್ವ, ಅದಕ್ಕೆ," ಎಂದು ಮಹದೇವಮ್ಮ ಕುರ್ಚಿ ಎಳೆದುಕೊಂಡಳು. ಮೂಲೆಯಲ್ಲಿ ಮಕ್ಕಳಿಗೆಂದು ಇಟ್ಟಿದ್ದ ಬಣ್ಣದ ಮರದ ಗುಂಡುಗಳಿದ್ದವು. ಅವನ್ನು ಗಂಗೂ ಮಡಿಲಿಗೆ ಸುರಿದಳು. ಬಲಕ್ಕೊಂದು ಬುಟ್ಟಿ ಇಟ್ಟಳು. ಎದುರಿಗೆ ಬಂದು, ಮುಖ ಕಾಣುವ ಹಾಗೆ ಹೇಳಿದಳು. "ಗಂಗೂ, ಕಿವೀಲಿ ಮಾತಾಡಿದ್ರೆ ಒಂದು ಕಾಯಿ ಬುಟ್ಟಿಗೆ. ಮಲಗಿದ್ರೆ ಸುಮ್ನಿರು."

ಗಂಗೂ ಹೆಡ್‌ಫೋನನ್ನು ತಾನೇ ಎತ್ತಿ ಹಾಕಿಕೊಂಡಳು. ಬೆನ್ನು ನೆಟ್ಟಗಾಯಿತು. ಆರು ತಿಂಗಳ ನಂತರ ಅವಳು ಮತ್ತೆ ಮಣೆಯ ಮೇಲೆ ಕೂತಿದ್ದಳು. ಯಂತ್ರ ಸದ್ದು ಮಾಡಿದಾಗ ಗುಂಡು ಬುಟ್ಟಿಗೆ ಬಿತ್ತು. ಸದ್ದು ಸಣ್ಣದಾಗುತ್ತ ಹೋಯಿತು. ಗುಂಡು ಬೀಳುತ್ತಲೇ ಇತ್ತು. ಸದ್ದಿಲ್ಲದಾಗ ಅವಳು ಕಣ್ಣು ಮುಚ್ಚಿ, ಕೈ ತಡೆದು, ಕಾದಳು. ಒಂದು ಸಲ ಹೇಮಾಶ್ರೀ ಬೇಕೆಂದೇ ಬಹಳ ಹೊತ್ತು ಸುಮ್ಮನಿದ್ದಳು. ಗಂಗೂ ಕಣ್ಣು ತೆರೆದು, "ಮಲಗೈತೆ ಕಣೇ," ಎಂದು ಅವಳಿಗೇ ತಿಳಿಸಿದಳು.

ಹೇಮಾಶ್ರೀ ಬಿದ್ದು ಬಿದ್ದು ನಕ್ಕಳು. ಎಡಗಿವಿಗೆ ಕೇಳುವುದು ಸ್ವಲ್ಪವೇ ಕಡಿಮೆ, ಬಲಗಿವಿ ಬಿಡಿಸಿದ ಮೇಲೆ ಅದನ್ನೂ ನೋಡಿ, ಬೇಕಾದರೆ ಕಿವಿಗೆ ಒಂದು ಮೆಷಿನ್ ಹಾಕೋಣ ಎಂದಳು. "ಇವರ ಕಿವಿ ದಾರಿ ಹುಟ್ಟಿನಿಂದಲೇ ಸಣ್ಣದು ಆಂಟಿ, ಬೇಗ ಕಟ್ಕೊಳ್ಳುತ್ತೆ. ವರ್ಷಕ್ಕೆ ಎರಡು ಸಲ ನೋಡಿಸಲೇಬೇಕು. ಇಂಥ ಎಷ್ಟೋ ಜನಕ್ಕೆ ಕಿವಿ ಮಂದ ಆಗಿರುತ್ತೆ. ಅವರಿಗೆ ಹೇಳಕ್ಕೆ ಬರಲ್ಲ. ಮನೆಯೋರು ಹಟ ಅಂತಾರೆ, ನಮ್ಮೋರೂ ಕೆಲವರು ಬುದ್ಧಿ ಅಂತ ಬಿಟ್ಬಿಡ್ತಾರೆ. ಇನ್ನು ಮೇಲೆ ಎಣ್ಣೆ ಬೇಡ, ಹತ್ತಿ ಬೇಡ."

"ತಲೆಗೆ?"

"ತಲೆಗೆ ಎಷ್ಟು ಬೇಕಾದ್ರೂ ಹಾಕಿ."

ಅಷ್ಟಾದರೂ ಉಳಿಯಿತಲ್ಲ ಎನ್ನಿಸಿತು ಮಹದೇವಮ್ಮನಿಗೆ.

ವಾಪಸ್ ಬರುವಾಗ ಬಸ್ಸಿನ ಹಾರನ್‌ಗೆಲ್ಲ ಗಂಗೂ ಬೆಚ್ಚುತ್ತಿದ್ದಳು. ಬೆಚ್ಚಿ ನಗುತ್ತಿದ್ದಳು. ಮುಂದಿನ ಸೀಟಿನ ಕೂಸು ಅತ್ತರೆ, "ಅಳ್ತೈತೆ ಅತ್ಗೆ" ಎಂದು ಎರಡು ಸಲ ಹೇಳಿದಳು. ಮಹದೇವಮ್ಮ ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆಯ ಬಾಗಿಲಲ್ಲಿ ಷಡಕ್ಷರಪ್ಪ ನಿಂತಿದ್ದರು. ಎರಡು ವರ್ಷದಿಂದ ತಂಗಿಯ ಹತ್ತಿರ ಅವರಿಗೆ ಒಂದೇ ದನಿ ಅಭ್ಯಾಸವಾಗಿತ್ತು.

"ಬಂದ್ಯೇನೇ ಗಂಗೂ!" ಎಂದು ಕೂಗಿದರು.

ಗಂಗೂ ಎಡಗಿವಿ ಮುಚ್ಚಿಕೊಂಡು ಅತ್ತಿಗೆಯ ಬೆನ್ನ ಹಿಂದೆ ಸರಿದಳು. "ಯಾಕಣ್ಣ ಬಯ್ತೀಯ? ನಾನೇನ್ ಮಾಡ್ದೆ?"

ಷಡಕ್ಷರಪ್ಪ ಒಂದು ಮೆಟ್ಟಿಲು ಇಳಿದು ಬಂದರು. "ಬಯ್ಯಲಿಲ್ಲ ಕಣವ್ವ," ಎಂದರು, ಉಸಿರಿನಷ್ಟು ಸಣ್ಣಗೆ. ಅದೂ ಅವಳಿಗೆ ಕೇಳಿಸಿತು.

"ಕಿವಿ ಮುಚ್ಚಿದ್ದು ನಾನು ಕಣ್ರೀ," ಎಂದಳು ಮಹದೇವಮ್ಮ, ಗಂಗೂ ಒಳಗೆ ಹೋದ ಮೇಲೆ. "ಶನಿವಾರ ಶನಿವಾರ ಕೂರಿಸ್ಕೊಂಡು ನನ್ ಕೈಯಾರೆ ಮುಚ್ಚಿದೀನಿ. ಕಳಿಸೋದಾದ್ರೆ ನನ್ನೂ ಜೊತೆಗೆ ಕಳಿಸಿ."

"ನೀನ್ ಹೋದ್ರೆ ನಂಗೆ ಮುದ್ದೆ ಯಾರ್ ಹಾಕ್ತಾರೆ?"

"ಆಶ್ರಮದಲ್ಲಿ ಇನ್ನೊಂದು ಜಾಗ ಐತಾ ಕೇಳಿ."

ಷಡಕ್ಷರಪ್ಪ ನಗಲಿಲ್ಲ. "ಕಿವಿ ಬಂದಿದ್ದು ಒಳ್ಳೇದೇ ಆಯ್ತು. ಟ್ರ್ಯಾಕ್ಟ್ರು ಬಂದ್ರೆ ಎದ್ದೋಗ್ತಾಳಾ? ಅದನ್ನ ಹೇಳು. ಅದೊಂದು ನನ್ ಕಣ್ಣಿಗೆ ಕಾಣಬೇಕು."

ಮಹದೇವಮ್ಮ ನಾಳೆ ನೋಡೋಣ ಎಂದಳು.

ಶನಿವಾರ ಬೆಳಿಗ್ಗೆ ಎಣ್ಣೆ ತಟ್ಟಲು ಕೂರಿಸಿದಾಗ ಗಂಗೂ ತಾನೇ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಸ್ನಾನವಾಗಿ, ಎಲ್ಲರ ಹಣೆಗೆ ವಿಭೂತಿ ಇಟ್ಟು, ಯಾರೂ ಕರೆಯದೆ ಅಂಗಳಕ್ಕೆ ಹೋದಳು. ಹೊಂಗೆ ಮರದ ಕೆಳಗಿನ ಮಣೆಯ ಮೇಲೆ ದ್ಯಾವಮ್ಮ ಕೂತಿದ್ದಳು. ಗಂಗೂ ಅವಳ ಮುಂದೆ ಸುಮ್ಮನೆ ನಿಂತಳು.

"ಬಾರವ್ವ ಬಾ, ನಿನ್ ಸಿಂಹಾಸನ ನೀನೇ ಇಟ್ಕೋ," ಎಂದು ದ್ಯಾವಮ್ಮ ಸೊಂಟ ಹಿಡಿದುಕೊಂಡು ಎದ್ದಳು. "ನನ್ ಕಿವೀಗೂ ಒಂದ್ಸಲ ದೀಪ ಹಾಕ್ಸಬೇಕು."

ಗಂಗೂ ಕೂತಳು. ಕಾಯಿಯನ್ನು ಎಡಗಿವಿಯ ಹತ್ತಿರ ಹಿಡಿದಳು. ಕೆನ್ನೆಗೆ ಒತ್ತಲಿಲ್ಲ. ಷಡಕ್ಷರಪ್ಪ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಹಿಂದೆ ಟ್ರ್ಯಾಕ್ಟರು ಗುಡುಗಿತು. ಚನ್ನೇಶ ಅದನ್ನು ಇನ್ನೂ ಅಂಗಳಕ್ಕೆ ತಿರುಗಿಸಿರಲಿಲ್ಲ. ಮಹದೇವಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತಳು. ಕೂಗಬೇಕೆಂದು ಬಂದ ದನಿಯನ್ನು ನುಂಗಿಕೊಂಡಳು.

ಗಂಗೂ ಕೈಯಲ್ಲಿದ್ದ ಕಾಯಿಯನ್ನು ನೆಲಕ್ಕಿಟ್ಟಳು. ಎದ್ದಳು. ಮಣೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಜಗಲಿಯ ಹತ್ತಿರ ಬಂದು ನಿಂತು, "ಚನ್ನೇಸ ಬತ್ತಾವ್ನೆ, ಸರ್ಕೊಳ್ಳಿ" ಎಂದು ಅಣ್ಣನನ್ನೂ ಗದರಿಸಿದಳು.

ಷಡಕ್ಷರಪ್ಪ ಸರಿದರು. ಜೇಬಿನಿಂದ ಫೋನ್ ತೆಗೆದು ಹಿತ್ತಲ ಕಡೆ ನಡೆದರು. ಮಹದೇವಮ್ಮನಿಗೆ ಅರ್ಧ ಮಾತು ಮಾತ್ರ ಕೇಳಿಸಿತು. "ಇಲ್ಲ ಸ್ವಾಮಿ, ಸೋಮವಾರ ಬರಲ್ಲ... ಆ ಜಾಗ ಬೇರೆ ಯಾರಿಗಾದ್ರೂ ಕೊಡಿ... ಇಲ್ಲ ಇಲ್ಲ, ಮನೇಲಿ ಕೆಲಸ ಐತೆ ಅವಳಿಗೆ."

ಅವರು ತಿರುಗಿ ಬರುವಷ್ಟರಲ್ಲಿ ಟ್ರ್ಯಾಕ್ಟರು ಹೋಗಿ, ಮಣೆ ಮತ್ತೆ ಮರದ ಕೆಳಗೆ ಬಂದಿತ್ತು. ಷಡಕ್ಷರಪ್ಪ ತಂಗಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಒಂದು ಕಾಯಿ ಎತ್ತಿಕೊಟ್ಟರು. ಗಂಗೂ ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು.

"ಏನ್ ಅಂತೈತೆ?" ಎಂದರು ಅವರು, ಹಳೆಯ ಅಭ್ಯಾಸಕ್ಕೆ ಜೋರಾಗಿ.

"ಶ್!" ಗಂಗೂ ತುಟಿಗೆ ಬೆರಳಿಟ್ಟಳು. "ಮಲಗೈತೆ. ಮೆಲ್ಲಗೆ ಮಾತಾಡಣ್ಣ, ಎದ್ಬಿಡ್ತದೆ."

ಆ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ, ಎಡಗಡೆಯ ಮಂಕರಿಯಲ್ಲಿ ಇಟ್ಟಳು.